ರುಚಿ ನೋಡದ ಭಟ್ಟರು

ಭಟ್ಟರು ತೀರಿಕೊಂಡ ಸುದ್ದಿ ನಮ್ಮ ಅಡುಗೆಮನೆಯ ವಾಟ್ಸಾಪ್ ಗುಂಪಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಅವರದೇ ನಂಬರಿನಿಂದ. ಕೆಲಸ ಬಿಟ್ಟು ಊರಿಗೆ ಹೋದ ಮೇಲೂ ಅವರನ್ನು ಗುಂಪಿನಿಂದ ಯಾರೂ ತೆಗೆದಿರಲಿಲ್ಲ. ಅವರ ತಮ್ಮನ ಮಗಳು ಆ ಫೋನಿನಿಂದ ಒಂದು ಫೋಟೋ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದಳು. ನಾಲ್ಕು ಜನ ಕೈಮುಗಿದ ಚಿತ್ರ ಕಳಿಸಿದರು. ಐದನೆಯದು ಎರಡನೇ ನಂಬರಿನ ಫ್ರಿಜ್ಜಿನ ಉಷ್ಣಾಂಶದ ಫೋಟೋ. ಕಳಿಸಿದವನ ತಪ್ಪಲ್ಲ. ಒಂಬತ್ತೂಕಾಲಿಗೆ ಆ ಫೋಟೋ ಬರಲೇಬೇಕೆಂದು ನಿಯಮ ಮಾಡಿದವಳು ನಾನು.

ನಾನು ಕುವೈತ್ ನಗರದ ಮಿರ್ಕಾಬ್‌ನಲ್ಲಿ ಒಂದು ಫ್ರೆಂಚ್ ಬಿಸ್ಟ್ರೋದಲ್ಲಿ ಆಹಾರ ಸುರಕ್ಷತೆಯ ಕೆಲಸ ನೋಡಿಕೊಳ್ಳುತ್ತೇನೆ. ಬಿಸ್ಟ್ರೋ ಎಂದರೆ ಹೆಚ್ಚೇನಿಲ್ಲ, ಹದಿನಾಲ್ಕು ಮೇಜುಗಳ ಸಣ್ಣ ಹೋಟೆಲು. ಸುತ್ತಲಿನ ಕಚೇರಿಗಳವರು ಮಧ್ಯಾಹ್ನ ಊಟಕ್ಕೆ ಬರುತ್ತಾರೆ. ಭಟ್ಟರು ಅಲ್ಲಿ ಸಾಸ್ ಮಾಡುತ್ತಿದ್ದರು. ಫ್ರೆಂಚರ ಅಡುಗೆಯಲ್ಲಿ ಸಾಸ್ ಎಂದರೆ ನಮ್ಮ ಸಾರು, ಹುಳಿ, ಗೊಜ್ಜು ಎಲ್ಲ ಸೇರಿದಷ್ಟು ದೊಡ್ಡ ಇಲಾಖೆ. ಆ ಇಲಾಖೆಯನ್ನು ಅವರು ವರ್ಷಗಟ್ಟಲೆ ಮೂಗಿನಿಂದಲೇ ನಡೆಸಿದರು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ತಾವು ಮಾಡಿದ ಒಂದು ಸಾಸನ್ನೂ ಅವರು ಬಾಯಿಗೆ ಹಾಕಿ ನೋಡಿದವರಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ಮಂಗಳೂರಿನಲ್ಲಿ ಆಹಾರ ವಿಜ್ಞಾನದ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಕ್ರೀಮಿನ ಡಬ್ಬಕ್ಕೆ ಥರ್ಮಾಮೀಟರ್ ಇಟ್ಟು, ದಿನಾಂಕ ನೋಡಿ, ಸರಿ ಎಂದು ಗುರುತು ಹಾಕಿದೆ. ಆಚೆ ಬದಿಯ ಒಲೆಯಲ್ಲಿ ಈರುಳ್ಳಿ ಬಾಡಿಸುತ್ತಿದ್ದ, ತೆಳ್ಳಗಿನ, ಎತ್ತರದ ಒಬ್ಬರು ಇತ್ತ ತಿರುಗದೆಯೇ ಕನ್ನಡದಲ್ಲಿ ಹೇಳಿದರು.

"ಮೇಡಂ, ಅದು ಸಂಜೆಗೆ ಹೋಗ್ತದೆ."

"ಎಲ್ಲಿಗೆ?"

"ಎಲ್ಲಿಗೆ ಅಂತ ಸಂಜೆ ನೀವೇ ನೋಡಿ."

ಸಂಜೆ ಐದಕ್ಕೆ ಕ್ರೀಮ್ ಹುಳಿಯಾಗಿ ಒಡೆದಿತ್ತು. ನಾನು ಡಬ್ಬ ಹಿಡಿದುಕೊಂಡು ನಿಂತಿದ್ದಾಗ ಅವರು ಹತ್ತಿರ ಬಂದು, "ಥರ್ಮಾಮೀಟರಿನ ತಪ್ಪಿಲ್ಲ. ಅದಕ್ಕೆ ಮೂಗಿಲ್ಲ ಪಾಪ" ಎಂದರು. ಮರುದಿನದಿಂದ ನಾನು ಒಳಗೆ ಕಾಲಿಟ್ಟ ಕೂಡಲೇ "ಬಂತು ಥರ್ಮಾಮೀಟರ್" ಎನ್ನುತ್ತಿದ್ದರು. ಒಂದು ತಿಂಗಳಲ್ಲಿ 'ನೀವು' ಹೋಗಿ 'ನೀನು' ಆಯಿತು. ನನಗೆ ಅಪರಿಚಿತರು ಏಕವಚನದಲ್ಲಿ ಮಾತಾಡಿಸಿದರೆ ಆಗುವುದಿಲ್ಲ. ಭಟ್ಟರದು ಮಾತ್ರ ಯಾವಾಗ ಬದಲಾಯಿತೆಂದು ತಿಳಿಯಲಿಲ್ಲ.

ಅವರು ಉಡುಪಿ ಕಡೆಯವರು, ಮನೆಯಲ್ಲಿ ತುಳು. ನಾನು ಕ್ಯಾಥೊಲಿಕ್ ಮನೆಯವಳು, ನಮ್ಮದು ಕೊಂಕಣಿ. ಹಾಗಾಗಿ ನಮ್ಮ ನಡುವೆ ಕನ್ನಡ. ಉಳಿದವರು ಈಜಿಪ್ಟಿನವರು, ನೇಪಾಳಿಗಳು, ಫಿಲಿಪಿನೋಗಳು; ಮೇಲೆ ಲೆಬನಾನಿನ ಶೆಫ್. ಕನ್ನಡ ನಮ್ಮಿಬ್ಬರನ್ನು ಬಿಟ್ಟು ಆ ಅಡುಗೆಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಹದಿನೈದನೇ ವಯಸ್ಸಿನಲ್ಲಿ ಭಟ್ಟರು ದೇವಸ್ಥಾನದ ಸಮಾರಾಧನೆಗಳಿಗೆ ಅಡುಗೆ ಮಾಡುವ ಒಬ್ಬ ಹಿರಿಯರ ಕೈಕೆಳಗೆ ಸೇರಿದ್ದರಂತೆ. ಸಾವಿರ ಜನರ ಹುಳಿಯಾದರೂ ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲ. ದೇವರಿಗಿಂತ ಮೊದಲು ತಾನು ತಿಂದ ಹಾಗಾಗುತ್ತದೆ. ಅಲ್ಲಿ ಕಲಿತದ್ದು ಕೈಯಿಂದ ಹೋಗಲೇ ಇಲ್ಲ.

"ಹಾಗಾದ್ರೆ ಉಪ್ಪು ಸರಿಯಾಯ್ತಾ ಅಂತ ಹೇಗೆ ಗೊತ್ತಾಗ್ತದೆ ಭಟ್ರೇ?"

"ಉಪ್ಪು ಕೈಗೆ ಗೊತ್ತುಂಟು. ಬಾಕಿದ್ದು ಹಬೆ ಹೇಳ್ತದೆ."

"ದೇವರಿಗಿಂತ ಮೊದಲು ಮೂಸಿ ನೋಡಬಹುದಾ?"

"ಮೂಸುವ ಹಾಗಿಲ್ಲ. ಆದ್ರೆ ತಾನಾಗಿ ಮೂಗಿಗೆ ಬಂದದ್ದನ್ನು ಹೋಗು ಹೋಗು ಅಂತ ಓಡಿಸ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಕುವೈತಿಗೆ ಬಂದದ್ದು ಒಂದು ಸಸ್ಯಾಹಾರಿ ಹೋಟೆಲಿಗೆ. ಅದು ಮುಚ್ಚಿದ ಮೇಲೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಈ ಕಂಪನಿಗೆ ವರ್ಗವಾಯಿತು, ಮೊದಲು ತರಕಾರಿ ಹೆಚ್ಚುವ ಕೆಲಸ. ಒಂದು ದಿನ ಶೆಫ್ ಫೋನಿನಲ್ಲಿದ್ದಾಗ ಒಲೆಯ ಮೇಲಿನ ಸಾಸನ್ನು ಇವರು ಯಾರನ್ನೂ ಕೇಳದೆ ಇಳಿಸಿದರಂತೆ. ಶೆಫ್ ಕಿರುಚಾಡಿ, ಆಮೇಲೆ ರುಚಿ ನೋಡಿ, ಸುಮ್ಮನಾದ. ಇನ್ನು ಅರ್ಧ ನಿಮಿಷ ಇದ್ದರೆ ತಳ ಹಿಡಿಯುತ್ತಿತ್ತು. ಮಾಂಸ ತಿನ್ನದವನು ಮಾಂಸದ ಸಾಸನ್ನು ಕಾಪಾಡಿದ ಎಂದು ಅವನಿಗೆ ಬಹಳ ದಿನ ನಗು. ಇಲ್ಲಿ ವೈನ್ ಹಾಕುವಂತಿಲ್ಲ. ವೈನ್ ಇಲ್ಲದೆ ಆ ಸಾಸ್‌ಗಳಿಗೆ ಜೀವ ಇಲ್ಲ ಎಂದು ಶೆಫ್ ಕೊರಗುತ್ತಿದ್ದಾಗ, ಭಟ್ಟರು ಊರಿನಿಂದ ಪುನರ್ಪುಳಿ ಎಂಬ ಕೆಂಪು ಹುಳಿಹಣ್ಣಿನ ಒಣ ಸಿಪ್ಪೆ ತರಿಸಿ, ದ್ರಾಕ್ಷಿ ರಸದಲ್ಲಿ ನೆನೆಸಿ, ಕುದಿಸಿ ಇಳಿಸಿದರು. ಪ್ಯಾರಿಸ್ಸಿನಲ್ಲಿ ಓದಿ ಬಂದ ಕುವೈತಿಗಳು ಪಾತ್ರೆಯಲ್ಲಿ ಏನಿದೆಯೆಂದು ಕೇಳಿ ಕಳಿಸುತ್ತಿದ್ದರು. "ನಮ್ಮ ಅಜ್ಜಿಯ ಪಿತ್ತದ ಮದ್ದು ಅಂತ ಹೇಳು" ಎನ್ನುತ್ತಿದ್ದರು ನನಗೆ. ನಾನು ಹೇಳುತ್ತಿರಲಿಲ್ಲ.

ರಂಜಾನ್ ತಿಂಗಳು ಅವರ ದರ್ಬಾರು. ಹಗಲು ಹೋಟೆಲು ಮುಚ್ಚಿರುತ್ತದೆ, ಸಂಜೆಯ ಇಫ್ತಾರಿಗೆ ಅಡುಗೆ ಮಾತ್ರ. ಉಪವಾಸದ ಈಜಿಪ್ಟಿನವರು ರುಚಿ ನೋಡುವಂತಿಲ್ಲ. ಒಬ್ಬೊಬ್ಬರೇ ಪಾತ್ರೆ ತಂದು ಭಟ್ಟರ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಇವರು ಕಣ್ಣು ಮುಚ್ಚಿ, "ಕಮ್ಮೂನ್ ಕ್ತೀರ್" ಎಂದರೆ ಜೀರಿಗೆ ಹೆಚ್ಚಾಯಿತೆಂದು ಅರ್ಥ. ಪಾತ್ರೆ ತಂದವರು ಇವರ ಹಣೆಗೆ ಮುತ್ತು ಕೊಟ್ಟು ಹೋಗುತ್ತಿದ್ದರು. "ನೋಡು, ಒಂದು ತಿಂಗಳು ಇಡೀ ಕಿಚನ್ ನನ್ನ ಶಿಷ್ಯರು" ಎಂದು ನನ್ನ ಕಡೆ ಹುಬ್ಬು ಹಾರಿಸುವರು.

ಆಮೇಲೆ ಕೊರೋನ ಬಂತು. ಹೋಟೆಲು ತಿಂಗಳುಗಟ್ಟಲೆ ಮುಚ್ಚಿತು. ಮತ್ತೆ ತೆರೆದಾಗ ಭಟ್ಟರೂ ಬಂದರು, ಸ್ವಲ್ಪ ಇಳಿದಿದ್ದರು, ಅಷ್ಟೇ. ಸಾಸ್‌ಗಳು ಮೊದಲಿನ ಹಾಗೇ ಇದ್ದವು. ಅವರು ಒಲೆಯ ಹತ್ತಿರ ಒಂದು ಗಡಿಯಾರ ನೇತುಹಾಕಿದ್ದು ಆಗಲೇ. ವಯಸ್ಸಾಯಿತು, ಮರೆವು ಎಂದರು. ಮೊದಲು ಬಾಯಿಗೆ ಬಂದ ಹಾಗೆ ಹಾಡಿಕೊಳ್ಳುತ್ತ ಕೆಲಸ ಮಾಡುತ್ತಿದ್ದವರು ಈಗ ಪಾತ್ರೆಗೆ ಕಿವಿಗೊಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಅದನ್ನೂ ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿದೆ. ಗಮನಿಸುವುದು ನನ್ನ ಕೆಲಸ. ನಾನು ಗಮನಿಸಲಿಲ್ಲ.

ನಮ್ಮ ಮಾಲೀಕರು ವ್ಯಾಪಾರದ ಕೆಲಸಕ್ಕೆ ಜಪಾನಿನ ಕೋಬೆಗೆ ಹೋಗಿದ್ದಾಗ ಅಲ್ಲಿಯ ಒಂದು ಸಣ್ಣ ಫ್ರೆಂಚ್ ಬಿಸ್ಟ್ರೋದಲ್ಲಿ ಸೆಟ್ ಲಂಚ್ ತಿಂದರು. ಸೂಪು, ಬ್ರೆಡ್ಡು, ಎರಡರಲ್ಲಿ ಆಯ್ದುಕೊಳ್ಳುವ ಒಂದು ಮುಖ್ಯ ತಿನಿಸು, ಕೊನೆಗೆ ಕಾಫಿ. ಬಾಗಿಲ ಹೊರಗೆ ಒಂದು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಆ ವಾರದ ಊಟ. ಮಿರ್ಕಾಬ್‌ನಲ್ಲೂ ಇದೇ ಬೇಕು, ಪ್ರತಿ ವಾರ ಹೊಸ ಊಟ ಬೇಕು ಎಂದು ತಿರುಗಿ ಬಂದವರೇ ಹೇಳಿದರು. ಬೆನ್ನುನೋವಿನ ಶೆಫ್ ಅಷ್ಟು ದೂರ ಬರುವುದಿಲ್ಲ ಎಂದ. ಸಾಸ್ ಕಲಿಯಲು ಭಟ್ಟರು, ಅಳತೆ, ಸಮಯ, ಉಷ್ಣಾಂಶ ಬರೆದುಕೊಳ್ಳಲು ನಾನು, ಹೀಗೆ ಇಬ್ಬರನ್ನು ಕಳಿಸಿದರು.

ಆ ಬಿಸ್ಟ್ರೋ ಸ್ಟೇಷನ್ನಿನಿಂದ ಮೇಲಕ್ಕೆ ಏರುವ ಒಂದು ಇಳಿಜಾರು ಬೀದಿಯಲ್ಲಿತ್ತು. ಹನ್ನೆರಡು ಕುರ್ಚಿ. ಅಡುಗೆ ಮಾಡುವವನು ಗಂಡ, ಬಡಿಸುವವಳು ಹೆಂಡತಿ, ಇಬ್ಬರಿಗೂ ಅರವತ್ತರ ಆಸುಪಾಸು. ಒಲೆಯ ಎದುರಿನ ಕಟ್ಟೆಯಲ್ಲಿ ಕೂತು ನೋಡಬಹುದು, ಆದರೆ ದಿನವೂ ಗಿರಾಕಿಗಳ ಹಾಗೆ ಲಂಚ್ ತಿನ್ನಬೇಕು ಎಂಬುದು ಅವರ ಷರತ್ತು. ಹನ್ನೊಂದೂವರೆಗೆ ಬಾಗಿಲು ತೆರೆಯುತ್ತಿತ್ತು. ಹೊರಗೆ ಸಾಲಿನಲ್ಲಿ ನಿಂತವರು ಸದ್ದಿಲ್ಲದೆ ಬಂದು ಕೂರುವರು. ಒಂದೂವರೆಗೆ ಹೆಂಡತಿ ಹಲಗೆಯನ್ನು ಒಳಗೆ ತರುವಳು. ಭಟ್ಟರಿಗೆ ಮಾಂಸ ಆಗದು ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವಳು ಗಂಡನೊಡನೆ ತಲೆ ತಗ್ಗಿಸಿ ಮಾತಾಡಿ ಬಂದು, ಒಲೆಯಲ್ಲಿ ಬೇಯಿಸಿದ ಕ್ಯಾರೆಟ್ಟು, ನವಿಲುಕೋಸು, ಸಣ್ಣ ಈರುಳ್ಳಿಗಳನ್ನು ಒಂದು ತಟ್ಟೆಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಜೋಡಿಸಿ ತಂದಳೆಂದರೆ, ಭಟ್ಟರು ಸ್ವಲ್ಪ ಹೊತ್ತು ಮುಟ್ಟಲಿಲ್ಲ.

ಅವರ ಕಣ್ಣೆಲ್ಲ ಅಡುಗೆಯವನ ಮೇಲೆ. ಅವನು ಪ್ರತಿ ಸಾಸನ್ನೂ ರುಚಿ ನೋಡುತ್ತಿದ್ದ, ಪ್ರತಿ ಸಲ ಹೊಸ ಚಮಚ.

"ಎಷ್ಟು ಚಮಚ ನೋಡು ಅವನಿಗೆ. ತೊಳೆದು ತೊಳೆದು ಹೆಂಡತಿಯ ಕೈ ಬಿದ್ದುಹೋಗ್ತದೆ."

"ಅದು ನಿಯಮ ಭಟ್ರೇ. ಸ್ವಚ್ಛತೆ."

"ನನ್ನ ಕಿಚನ್ನಲ್ಲಿ ಚಮಚವೇ ಬೇಡ. ನನ್ನಷ್ಟು ಸ್ವಚ್ಛ ಯಾರುಂಟು?"

ಮೊದಲ ದಿನವೇ ಅವರು ಒಂದು ಆಟ ಶುರುಮಾಡಿದ್ದರು. "ನಿನ್ನ ಮೂಗಿಗೆ ಪರೀಕ್ಷೆ. ಈಗ ಎಂತ ಬರ್ತದೆ, ಹೇಳು ನೋಡುವಾ."

"ಬೆಣ್ಣೆ."

"ಮತ್ತೆ?"

"ಈರುಳ್ಳಿಯ ಹಾಗೆ ಉಂಟು. ಆದ್ರೆ ಈರುಳ್ಳಿ ಅಲ್ಲ. ಇನ್ನೂ ತೆಳು."

"ಹಾಂ, ಸರಿ" ಎಂದು ತಮ್ಮ ನೋಟ್‌ಬುಕ್ಕಿನಲ್ಲಿ ದುಂಡು ಅಕ್ಷರಗಳಲ್ಲಿ ಬರೆದುಕೊಂಡರು. ಎರಡು ದಿನ ನಾನು ಹೇಳಿದ್ದೆಲ್ಲ ಸರಿಯಾಯಿತು. ನನಗೆ ಒಳಗೊಳಗೇ ಹೆಮ್ಮೆ. ಪರೀಕ್ಷೆಗಳಲ್ಲಿ ನಾನು ಯಾವಾಗಲೂ ಚೆನ್ನಾಗಿ ಮಾಡಿದವಳು.

ಮೂರನೇ ದಿನ ಅಡುಗೆಯವನು ನಮಗೆ ಬೆನ್ನು ಹಾಕಿ ಒಂದು ಕಬ್ಬಿಣದ ಪಾತ್ರೆಯ ಮುಚ್ಚಳ ತೆಗೆದ. ವೈನಿನಲ್ಲಿ ಗಂಟೆಗಟ್ಟಲೆ ಬೆಂದ ಮಾಂಸದ ಹಬೆ ಇಡೀ ಕೋಣೆಗೆ ಹರಡಿತು. ಕಟ್ಟೆಯಲ್ಲಿದ್ದವರೆಲ್ಲ ಒಮ್ಮೆ ತಲೆ ಎತ್ತಿದರು.

"ಈಗ ಎಂತ?" ಎಂದರು ಭಟ್ಟರು.

ನನಗೇನು ಅನ್ನಿಸಿತೋ, ನಾನು ತಮಾಷೆ ಮಾಡುವವಳಲ್ಲ, ಅಂದು ಮಾಡಿದೆ. "ಒಣ ಬಂಗುಡೆ ಸುಟ್ಟ ಹಾಗೆ ಉಂಟು ಭಟ್ರೇ" ಎಂದೆ.

"ಹಾಂ, ಸರಿ" ಎಂದು ಅವರು ಗಡಿಯಾರ ನೋಡಿ ಸಮಯ ಹಾಕಿ, ಮುಂದೆ 'ಒಣ ಬಂಗುಡೆ' ಎಂದು ಬರೆದರು.

ನಾನು ನಕ್ಕೆ. ನಮ್ಮ ಅಡುಗೆಮನೆಯಲ್ಲಿ ಯಾರಾದರೂ ಮೀನಿನ ಪೊಟ್ಟಣ ಬಿಚ್ಚಿದರೆ ಕೆಳಗಿನ ಉಗ್ರಾಣಕ್ಕೆ ಇಳಿದುಹೋಗುತ್ತಿದ್ದವರು ಇವರು. ನಗು ಮುಗಿಯುವ ಮೊದಲೇ ನನಗೆ ಗೊತ್ತಾಯಿತು. ಅವರು ಪುಟದಿಂದ ಪೆನ್ನು ಎತ್ತಲಿಲ್ಲ.

"ತಮಾಷೆಯಾ?"

"ಹೌದು ಭಟ್ರೇ."

"ಹೌದಾ." ಬರೆದದ್ದನ್ನು ಒಂದು ಗೆರೆಯಿಂದ ಹೊಡೆದುಹಾಕಿದರು.

"ಯಾವಾಗಿನಿಂದ?"

"ಆ ಕೊರೋನ ಜ್ವರದ ಮೂರನೇ ದಿನದಿಂದ. ರೂಮಿನ ಬಾಕಿಯವರಿಗೆ ತಿರುಗಿ ಬಂತು. ನನಗೆ ಬರ್ಲಿಲ್ಲ."

"ಇಷ್ಟು ದಿನ ಹೇಗೆ ಮಾಡಿದ್ರಿ?"

"ಹಳತನ್ನು ಕೈಯೇ ಮಾಡ್ತದೆ. ಬಣ್ಣ ಉಂಟು, ಗುಳ್ಳೆ ಉಂಟು, ಶಬ್ದ ಉಂಟು. ಹೊಸತಕ್ಕೆ ಮೂಗು ಬೇಕು. ಈ ಸೆಟ್ ಲಂಚ್ ಪ್ರತಿ ವಾರ ಹೊಸತು. ಯಾರೋ ನನ್ನನ್ನು ಮುಗಿಸ್ಲಿಕ್ಕೇ ಹುಡುಕಿ ತಂದ ಹಾಗೆ ಉಂಟು."

"ನಾಲಿಗೆ ಉಂಟಲ್ಲ. ರುಚಿ ನೋಡಿದ್ರೆ?"

"ಅಷ್ಟು ವರ್ಷ ಬಾಯಿಗೆ ಹಾಕದ್ದನ್ನು ಈಗ ಹಾಕುದಾ? ಹಾಕಿದ್ರೂ ಮೂಗಿಲ್ಲದ ನಾಲಿಗೆಗೆ ಉಪ್ಪು, ಹುಳಿ ಬಿಟ್ಟು ಎಂತ ಗೊತ್ತಾಗ್ತದೆ? ಇವನನ್ನು ನೋಡು, ಇವನಿಗೆ ಎರಡು ದಾರಿ ಉಂಟು. ನನಗೆ ಇದ್ದದ್ದೇ ಒಂದು."

"ಶೆಫ್‌ಗೆ ಹೇಳಿದ್ರೆ..."

"ಹೇಳಿದ್ರೆ ಖಲಾಸ್. ಐವತ್ತೇಳಾಯ್ತು ನನಗೆ. ಮೂಗಿಲ್ಲದ ಸಾಸಿನವನನ್ನು ಯಾರು ಇಟ್ಕೊಳ್ತಾರೆ? ಊರಲ್ಲಿ ತಮ್ಮನ ಮನೆ ಉಂಟು, ಒಂದು ಕೋಣೆ ಕೊಡ್ತಾನೆ. ಅಲ್ಲಿ ಕೂತು ಎಂತ ಮಾಡುದು? ಒಲೆ ಮುಂದೆ ನಿಲ್ಲುದು ಬಿಟ್ಟು ನನಗೆ ಬೇರೆ ಎಂತ ಬರ್ತದೆ?"

 ಮಾಡಬೇಕಾದದ್ದು ಏನೆಂದು ನನಗೆ ತಿಳಿದಿತ್ತು. ಅಡುಗೆಯವರ ಇಂದ್ರಿಯಗಳಲ್ಲಿ ದೋಷ ಕಂಡರೆ ಆ ದಿನವೇ ಬರೆದು ತಿಳಿಸಬೇಕೆಂಬ ನಿಯಮ ನಮ್ಮ ಕೈಪಿಡಿಯಲ್ಲಿದೆ. ಕಾಫಿ ಬಂತು. ಅಡುಗೆಯವನ ಹೆಂಡತಿ, "ಗುಡ್?" ಎಂದು ಕೇಳಿದಳು. ಭಟ್ಟರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಆಮೇಲೆ ಬಟ್ಟಲನ್ನು ಅಭ್ಯಾಸದಿಂದ ಮೂಗಿನ ಹತ್ತಿರ ತಂದು, ಅಲ್ಲೇ ಒಂದು ಕ್ಷಣ ಹಿಡಿದು, ಕೆಳಗಿಟ್ಟರು. ಉಳಿದ ಎರಡು ದಿನ ನಾನು ತಮಾಷೆ ಮಾಡಲಿಲ್ಲ. ಹೇಳಿದೆ, ಅವರು ಬರೆದುಕೊಂಡರು.

ಮಿರ್ಕಾಬ್‌ನಲ್ಲಿ ಸೆಟ್ ಲಂಚ್ ಶುರುವಾಯಿತು. ದಿನವೂ ಹನ್ನೊಂದಕ್ಕೆ ನಾನು ಥರ್ಮಾಮೀಟರ್ ಹಿಡಿದು ಅವರ ಒಲೆಯ ಹತ್ತಿರ ಹೋಗುತ್ತಿದ್ದೆ. ನೋಡುವವರಿಗೆ ಅದು ಉಷ್ಣಾಂಶದ ತಪಾಸಣೆ. ನಾನು ಬಗ್ಗಿ ಹಬೆ ತೆಗೆದುಕೊಂಡು, ಚಮಚದಲ್ಲಿ ರುಚಿ ನೋಡಿ, ಕನ್ನಡದಲ್ಲಿ ಹೇಳುತ್ತಿದ್ದೆ.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಎಂತ? ಹುಡುಗಿ ನೋಡ್ಲಿಕ್ಕೆ ಬಂದದ್ದಾ ನೀನು?"

"ಸ್ವಲ್ಪ ಹಸಿ."

"ಹಸಿ ಯಾವುದು? ಹಿಟ್ಟಿನ ಹಸಿಯಾ, ಸೊಪ್ಪಿನ ಹಸಿಯಾ, ಹಾಲಿನ ಹಸಿಯಾ?"

"ಹಿಟ್ಟು. ಗಂಜಿ ಹಾಕಿದ ಬಟ್ಟೆ ಇಸ್ತ್ರಿ ಮಾಡುವಾಗ ಬರ್ತದಲ್ಲ, ಹಾಗೆ."

"ಹಾಂ! ಈಗ ಹೇಳಿದ್ದು ಮಾತು. ಇನ್ನು ನಾಲ್ಕು ನಿಮಿಷ."

ಹೀಗೆ ವಾಸನೆ ಹಿಡಿಯುವುದನ್ನು ನನಗೆ ಕಲಿಸಿದ್ದು ಮೂಗು ಸತ್ತ ಮನುಷ್ಯ. ಆರಿಸಿದ ಮೇಣದಬತ್ತಿ, ಒದ್ದೆ ಗೋಣಿಚೀಲ, ಹೊಸ ಪುಸ್ತಕದ ಅಂಟು ಎಂದು ನಾನು ಹುಡುಕಿ ಹುಡುಕಿ ಹೇಳುತ್ತಿದ್ದರೆ, ಅವರು ಕಣ್ಣು ಮುಚ್ಚಿ ನೆನಪಿನಿಂದ ಅದನ್ನು ಸಾಸಿಗೆ ಹೊಂದಿಸಿಕೊಂಡು ಬೆಂಕಿ ತಗ್ಗಿಸುವರು, ಏರಿಸುವರು. ರಂಜಾನಿನಲ್ಲಿ ಈಜಿಪ್ಟಿನವರು ಪಾತ್ರೆ ತಂದಾಗ ನಾನು ಪಕ್ಕದಲ್ಲಿ ನಿಂತು ಪಿಸುಗುಟ್ಟುತ್ತಿದ್ದೆ. "ಕಮ್ಮೂನ್ ಕ್ತೀರ್" ಎಂದು ಅವರು ಹೇಳಿದರೂ ಆ ಮಾತಿನಲ್ಲಿ ಮೊದಲಿನ ಠೀವಿ ಇರುತ್ತಿರಲಿಲ್ಲ. ಹಣೆಗೆ ಮುತ್ತು ಕೊಡಲು ಬಂದರೆ ಸರಿದುಕೊಳ್ಳುತ್ತಿದ್ದರು. ಹನ್ನೊಂದೂಕಾಲಿಗೆ ನಾನು ನನ್ನ ಪಟ್ಟಿಯಲ್ಲಿ 'ಅಡುಗೆಯವರ ವಾಸನೆ ಪರೀಕ್ಷೆ: ಆಗಿದೆ' ಎಂಬ ಸಾಲಿಗೆ ಸಹಿ ಹಾಕುತ್ತಿದ್ದೆ. ಹದಿನಾಲ್ಕು ತಿಂಗಳು ಹಾಕಿದೆ.

ಅವರು ಪ್ರಯತ್ನ ಬಿಟ್ಟಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಹೇಳಿದಂತೆ ನಾಲ್ಕು ಸಣ್ಣ ಬಾಟಲಿಗಳಲ್ಲಿ ಲವಂಗ, ನಿಂಬೆ ಸಿಪ್ಪೆ, ಕಾಫಿ ಪುಡಿ, ಕರ್ಪೂರ ಇಟ್ಟುಕೊಂಡು ಬೆಳಿಗ್ಗೆ ಒಂದೊಂದನ್ನೂ ಮೂಸುತ್ತಿದ್ದರು. ಒಂದು ದಿನ ನಾನು ಬರುವಾಗ ಮುಖ ಕೆಂಪಾಗಿ ಬಾಗಿಲಿಗೇ ಬಂದು ನಿಂತಿದ್ದರು.

"ಬಂತು! ಕಾಫಿ! ಸಣ್ಣಕ್ಕೆ ಬಂತು ಮಾರಾಯ್ತಿ, ದೂರದ ಮನೆಯಲ್ಲಿ ಯಾರೋ ಹುರಿದ ಹಾಗೆ!"

ಅವರ ಕೈಯಲ್ಲಿದ್ದ ಬಾಟಲಿ ತೆಗೆದುಕೊಂಡೆ. ಬಣ್ಣದ ಗಾಜು, ಒಳಗಿರುವುದು ಹೊರಗೆ ಕಾಣದು. ಮುಚ್ಚಳ ತೆಗೆದೆ. ಕರ್ಪೂರ ಘಾಟಾಗಿ ಬಂತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಕಾಫಿಯೇ ಅಲ್ವಾ?"

ಸುಳ್ಳು ಹೇಳಬಹುದಿತ್ತು. ಪಟ್ಟಿಯಲ್ಲಿ ದಿನವೂ ಬರೆಯುತ್ತಿದ್ದವಳಿಗೆ ಒಂದು ಸುಳ್ಳು ಹೆಚ್ಚಲ್ಲ. "ಕರ್ಪೂರ" ಎಂದೆ. ಅವರು ಬಾಟಲಿ ತೆಗೆದುಕೊಂಡು, ಮುಚ್ಚಳ ಗಟ್ಟಿ ಮಾಡಿ, ಕಿಸೆಗೆ ಹಾಕಿದರು. ಮರುದಿನದಿಂದ ಬಾಟಲಿಗಳು ಕಾಣಲಿಲ್ಲ.

ಅವರು ಊರಿಗೆ ಹೋದ ಮೇಲೆ ಎರಡು ಸಲ ಫೋನ್ ಮಾಡಿದ್ದೆ. ಎರಡು ಸಲವೂ ಕೇಳಿದ ಮೊದಲ ಮಾತು, "ಈ ವಾರ ಹಲಗೆಯಲ್ಲಿ ಎಂತ ಉಂಟು?" ನಾನು ಹೇಳಿದೆ. "ಸಾಸ್ ಯಾರು ಮಾಡ್ತಾರೆ?" ಫಿಲಿಪಿನೋ ಒಬ್ಬ ಬಂದಿದ್ದಾನೆ ಎಂದೆ. "ರುಚಿ ನೋಡ್ತಾನಾ?" ನೋಡುತ್ತಾನೆ ಎಂದೆ. "ಒಳ್ಳೇದು" ಎಂದರು.  ತಮ್ಮನ ಮನೆಯಲ್ಲಿ ಅವರನ್ನು ಒಲೆಯ ಹತ್ತಿರ ಬಿಡುವುದಿಲ್ಲವಂತೆ. ಅದನ್ನು ಅವರು ಹೇಳಲಿಲ್ಲ, ತಮ್ಮನ ಮಗಳು ಹೇಳಿದಳು. ಮೂರನೆಯ ಸಲ ನಾನು ಮಾಡಲಿಲ್ಲ.

ಅವರು ಊರಿಗೆ ಹೋಗುವಂತಾದದ್ದು ಹೇಗೆಂದು ಇನ್ನು ಹೇಳಬೇಕು.

ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಒಂದಿದೆ. ಅದು ಕೆಟ್ಟಿತು. ಕಾರ್ಖಾನೆಗಳ ಬಡಾವಣೆ ಶುವೈಖ್‌ನಿಂದ ರಿಪೇರಿಯವರು ಬರಲು ಮೂರು ದಿನ ಬೇಕೆಂದರು. ಅಲ್ಲಿಯವರೆಗೆ ಏನು ಮಾಡಬೇಕೆಂದು ನಾನು ಒಂದು ಸೂಚನೆ ಬರೆದು, ಅರಬ್ಬಿ, ಇಂಗ್ಲಿಷ್, ಹಿಂದಿಗಳಲ್ಲಿ ಅಚ್ಚು ಮಾಡಿಸಿ ಒಲೆಯ ಮೇಲಿನ ಗೋಡೆಗೆ ಅಂಟಿಸಿದೆ: ಬೆಳಿಗ್ಗೆ ಮೊದಲು ಬಂದವರು ಗ್ಯಾಸಿನ ವಾಸನೆ ಇಲ್ಲವೆಂದು ಖಚಿತ ಮಾಡಿಕೊಂಡೇ ಒಲೆ ಹಚ್ಚಬೇಕು. ಬೆಳಿಗ್ಗೆ ಮೊದಲು ಬರುವವರು ಭಟ್ಟರು. ಅದು ನನಗೆ ಗೊತ್ತಿತ್ತು. ಅವರಿಗೆ ಮೂಗಿಲ್ಲವೆಂಬುದು ನನಗೊಬ್ಬಳಿಗೆ ಗೊತ್ತಿತ್ತು. ಎರಡೂ ಗೊತ್ತಿದ್ದೂ ನಾನು ಆ ಕಾಗದವನ್ನು ನಾಲ್ಕು ಮೂಲೆಗೂ ಟೇಪ್ ಹಚ್ಚಿ, ನೇರವಾಗಿದೆಯೇ ಎಂದು ಹಿಂದೆ ಸರಿದು ನೋಡಿ, ಕೆಳಗೆ ಸಹಿ ಹಾಕಿದೆ. ಹದಿನಾಲ್ಕು ತಿಂಗಳು ಅವರ ಮೂಗಾಗಿದ್ದವಳಿಗೆ ನಾನಿಲ್ಲದ ಹೊತ್ತಿನಲ್ಲಿ ಅವರಿಗೆ ಮೂಗಿಲ್ಲ ಎಂಬುದೇ ಮರೆತುಹೋಗಿತ್ತು.

ಎರಡನೇ ದಿನ ಬೆಳಿಗ್ಗೆ ಏಳೂವರೆಗೆ ಹಿಂಬಾಗಿಲು ತೆರೆದೆ. ಗ್ಯಾಸು ಮುಖಕ್ಕೆ ಹೊಡೆಯಿತು. ಹಿಂದಿನ ಸಂಜೆ ಯಾರೋ ಒಂದು ಒಲೆಯ ತಿರುಪನ್ನು ಪೂರ್ತಿ ಮುಚ್ಚಿರಲಿಲ್ಲ. ಒಳಗಿನ ಕೋಣೆಯಲ್ಲಿ, ಭಟ್ಟರ ಹಿಂದೆಯೇ ಮುಂಬಾಗಿಲಿನಿಂದ ಬಂದ ಇಬ್ಬರು ನೇಪಾಳಿ ಹೆಂಗಸರು ಬಾಗಿಲು ಹಾಕಿಕೊಂಡು ತರಕಾರಿ ತೊಳೆಯುತ್ತಿದ್ದರು. ಭಟ್ಟರು ಗೋಡೆಯ ಸೂಚನೆಯ ಕೆಳಗೆ, ಲೈಟರ್ ಹಿಡಿದು ನಿಂತಿದ್ದರು.

"ಭಟ್ರೇ, ಒತ್ತಬೇಡಿ!"

ನನ್ನ ಜೀವನದಲ್ಲಿ ಅಷ್ಟು ಜೋರಾಗಿ ನಾನು ಕೂಗಿದ್ದಿಲ್ಲ. ಅವರ ಹೆಬ್ಬೆರಳು ಹಾಗೇ ನಿಂತಿತು. ಹೆಂಗಸರನ್ನು ಹೊರಗೆ ಕಳಿಸಿ, ಗ್ಯಾಸಿನ ಮುಖ್ಯ ಕವಾಟ ಮುಚ್ಚಿ, ಬಾಗಿಲು ತೆರೆದು ಬರುವಷ್ಟರಲ್ಲಿ ಅವರು ಹಿಂದಿನ ಓಣಿಯಲ್ಲಿ, ಕಸದ ಡಬ್ಬಗಳ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದರು. ಲೈಟರ್ ಇನ್ನೂ ಕೈಯಲ್ಲಿತ್ತು. ನಾನು ಕೇಳಿದೆ, ಕೊಟ್ಟರು.

"ತುಂಬ ಇತ್ತಾ?"

"ತುಂಬ ಇತ್ತು ಭಟ್ರೇ."

"ಒಳಗೆ ಆ ಹೆಂಗಸರು ಇದ್ದರು."

"ಹೌದು."

ಅಷ್ಟೇ. ಬಿಸಿಲು ಆಗಲೇ ಓಣಿಗೆ ಬಂದಿತ್ತು. ಆ ದಿನದ ಲಂಚ್‌ಗೆ ಸಾಸ್ ಅವರೇ ಮಾಡಿದರು. ಹನ್ನೊಂದಕ್ಕೆ ನಾನು ಹೋಗಿ ಬಗ್ಗಿ ನಿಂತೆ.  ನಾನು ಹೇಳಿದ್ದಕ್ಕೆ ಅವರು ತಲೆಯಾಡಿಸಿದರು.

ನಾಲ್ಕು ಗಂಟೆಯೊಳಗೆ ವರದಿ ಬೇಕೆಂದು ಮ್ಯಾನೇಜರು ಹೇಳಿದ್ದರು. ಉಗ್ರಾಣದ ಮೂಲೆಯ ನನ್ನ ಮೇಜಿನಲ್ಲಿ ಕೂತು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದೆ. ಲಂಚ್ ಮುಗಿಸಿ, ಕೈ ಒರೆಸಿಕೊಳ್ಳುತ್ತ ಭಟ್ಟರು ಬಂದು ನನ್ನ ಹಿಂದೆ ನಿಂತರು.

"ಎಂತ ಬರ್ದಿದ್ದಿ? ಕನ್ನಡದಲ್ಲಿ ಹೇಳು."

"ಬೆಳಗಿನ ಅಡುಗೆಯವರಿಗೆ ವಾಸನೆ ಗ್ರಹಿಸುವ ಶಕ್ತಿ ಕಡಿಮೆಯಾಗಿದೆ ಅಂತ."

"ಕಡಿಮೆ ಅಲ್ಲ. ಇಲ್ಲ ಅಂತ ಬರಿ."

ತಿದ್ದಿದೆ.

"ಮುಂದೆ?"

"ಈ ವಿಷಯ ಸುರಕ್ಷತಾ ಅಧಿಕಾರಿಗೆ ಹದಿನಾಲ್ಕು ತಿಂಗಳಿಂದ ತಿಳಿದಿತ್ತು ಅಂತ."

"ಸುರಕ್ಷತಾ ಅಧಿಕಾರಿ ಅಂದ್ರೆ ಯಾರು?"

"ನಾನೇ ಭಟ್ರೇ."

"ತೆಗಿ ಅದನ್ನು."

"ಅದು ನಿಜ ಅಲ್ವಾ?"

"ನಿಜ ಸಾಕು, ಒಂದು ಬರ್ದೆಯಲ್ಲ. ಇಬ್ಬರು ಹೋಗುದು ಯಾಕೆ? ನೀನೂ ಹೋದ್ರೆ ಇಲ್ಲಿ ಮೂಗು ಇರುವವರು ಯಾರು? ಈಗಷ್ಟೇ ಸ್ವಲ್ಪ ಕಲ್ತಿದ್ದಿ."

ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅವರು ಹೋಗಲಿಲ್ಲ. ಏಪ್ರನ್ನು ಬಿಚ್ಚಿ, ನಾಲ್ಕಾಗಿ ಮಡಿಸಿ, ತೋಳಿನ ಮೇಲೆ ಹಾಕಿಕೊಂಡು ನಿಂತೇ ಇದ್ದರು.  ಕೊನೆಗೆ ನಾನು ಆ ಸಾಲನ್ನು ತೆಗೆದೆ.

"ಈಗ ಅಲ್ಲಿ ಎಂತ ಉಂಟು?"

"ಈ ವಿಷಯವನ್ನು ಅವರು ಎಲ್ಲರಿಂದಲೂ ಮುಚ್ಚಿಟ್ಟಿದ್ದರು ಅಂತ."

"ಹಾಂ. ಸರಿ ಉಂಟು" ಎಂದು, ಪ್ರಿಂಟರಿನಿಂದ ಕಾಗದ ಹೊರಗೆ ಬರುವವರೆಗೆ ಕಾದು, ಕನ್ನಡದಲ್ಲಿ ಸಹಿ ಮಾಡಿದರು. ಪಕ್ಕದಲ್ಲಿ ನಾನೂ ಮಾಡಿದೆ.

ಆ ವರದಿ ನನ್ನ ಫೈಲಿನಲ್ಲಿದೆ. ತಪಾಸಣೆಗೆ ಬಂದವರು ಪ್ರತಿ ಸಲ ಅದನ್ನು ಓದುತ್ತಾರೆ. ಎಲ್ಲ ಸ್ಪಷ್ಟವಾಗಿದೆ, ಹೀಗಿರಬೇಕು ಎಂದು ಹೇಳಿ ಹೋಗುತ್ತಾರೆ.